ಬಾದಾಮಿ ಚಾಲುಕ್ಯ ಶಾಸನಗಳಲ್ಲಿ ಸ್ತ್ರೀಯರು: ದಾನ ಮತ್ತು ಅಧಿಕಾರ

ಪ್ರಾಚೀನ ಕರ್ನಾಟಕದ ರಾಜಮನೆತನಗಳ ಸ್ತ್ರೀಯರನ್ನು ಕುರಿತ ಬರಹಗಳಲ್ಲಿ ಅವರನ್ನು ಒಟ್ಟಾಗಿ ‘ದಾನಶೀಲೆಯರು’ ಎಂದು ಬಣ್ಣಿಸಿ ಮುಂದೆ ಸಾಗುವ ರೂಢಿಯುಂಟು. ಆದರೆ ದಾನವನ್ನು ಯಾರು, ಯಾವ ಹಕ್ಕಿನಿಂದ ನೀಡಿದರು ಎಂಬ ಪ್ರಶ್ನೆಯೊಡನೆ ಬಾದಾಮಿ ಚಾಲುಕ್ಯರ ಶಾಸನಗಳನ್ನು ಪರಿಶೀಲಿಸಿದರೆ, ಈ ಒಂದೇ ವಿಶೇಷಣದೊಳಗೆ ಭಿನ್ನ ಸ್ಥಾನಮಾನಗಳು ಅಡಗಿರುವುದು ವಿದಿತವಾಗುತ್ತದೆ.

ಮಂಗಲೇಶನ ಕಾಲದ ಮಹಾಕೂಟ ಸ್ತಂಭಶಾಸನವು ಮಕುಟೇಶ್ವರ ದೇವರಿಗೆ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ದಾನವನ್ನು ನೀಡಿದವನು ಅರಸನೇ ಆದರೂ, ಅವನ ತಂದೆಯ ಪತ್ನಿ ದುರ್ಲಭದೇವಿಯ ಸಮ್ಮತಿಯನ್ನು ಅಲ್ಲಿ ಉಲ್ಲೇಖಿಸಲಾಗಿದೆ. ಇಲ್ಲಿ ರಾಣಿಯು ದಾನಿಯಲ್ಲ. ಅನುಮತಿ ನೀಡುವ ಹಿರಿಯಳು.

ವಿಜಯಭಟ್ಟಾರಿಕೆಯ ಸ್ಥಾನ ಇದಕ್ಕಿಂತ ಬೇರೆ. ಇಂದಿನ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗೆ ಸೇರಿದ ನೇರೂರು ಮತ್ತು ಕೋಚರೆಯ ತಾಮ್ರಪಟಗಳಲ್ಲಿ ಭೂಮಿಯನ್ನು ದಾನ ಮಾಡುವವಳು ಅವಳೇ. ಪತಿ ಚಂದ್ರಾದಿತ್ಯನನ್ನು ಒಂದನೆಯ ವಿಕ್ರಮಾದಿತ್ಯನ ಅಣ್ಣನೆಂದು ಪಟಗಳು ಪರಿಚಯಿಸುತ್ತವೆ. ಕ್ರಿ.ಶ. 642ರಲ್ಲಿ ಪಲ್ಲವರು ಬಾದಾಮಿಯನ್ನು ವಶಪಡಿಸಿಕೊಂಡ ನಂತರದ ಸಂಕಟಕಾಲಕ್ಕೆ ಸಮೀಪದ ದಾಖಲೆಗಳಿವು. ನೇರೂರು ಪಟದಲ್ಲಿ ಕಾಲವನ್ನು ‘ಸ್ವರಾಜ್ಯ’ದ ಐದನೆಯ ವರ್ಷವೆಂದು ಹೇಳಿದೆ. ‘ಸ್ವ’ ಎಂಬ ಪದ ಲಿಂಗವನ್ನು ಸೂಚಿಸದ ಕಾರಣ ಆ ಆಳ್ವಿಕೆ ಪತಿಯದೋ, ಅವಳದೋ ಎಂಬ ಚರ್ಚೆ ಹುಟ್ಟಿಕೊಂಡಿದೆ. ವರ್ಷಗಣನೆ ಪತಿಯದೇ ಎಂದು ಒಪ್ಪಿದರೂ, ಭೂದಾನದ ಆಜ್ಞೆ ರಾಣಿಯ ಹೆಸರಿನಲ್ಲಿ ಹೊರಟಿತೆಂಬ ಸಂಗತಿ ಅಲ್ಲಗಳೆಯಲಾಗದು. ಸಂಸ್ಕೃತ ಕವಯಿತ್ರಿ ವಿಜ್ಜಿಕೆಯೂ ಇವಳೇ ಎಂಬ ಅಭಿಪ್ರಾಯವಿದೆ. ಪಟಗಳಲ್ಲಿ ಅದಕ್ಕೆ ಆಧಾರವಿಲ್ಲ.

ಎಂಟನೆಯ ಶತಮಾನದ ಲೋಕಮಹಾದೇವಿಯಲ್ಲಿ ಮತ್ತೊಂದು ಬಗೆಯನ್ನು ಕಾಣುತ್ತೇವೆ. ಪತಿ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ಅವಳು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರವೇ ಇಂದಿನ ವಿರೂಪಾಕ್ಷ ದೇವಾಲಯ. ದೇವರಿಗೆ ಇಟ್ಟ ಹೆಸರು ರಾಣಿಯದೇ. ಅವಳ ತಂಗಿ ಹಾಗೂ ಸವತಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ ತ್ರೈಲೋಕ್ಯೇಶ್ವರವು ಈಗ ಮಲ್ಲಿಕಾರ್ಜುನವೆಂದು ಪ್ರಸಿದ್ಧ. ಇದಕ್ಕಿಂತ ಮಹತ್ವದ ಸಂಗತಿಯೆಂದರೆ, ವಿಜಯಾದಿತ್ಯನು ಗಾಯಕರಿಗೆ ನೀಡಿದ್ದ ಸವಲತ್ತುಗಳನ್ನು ಲೋಕಮಹಾದೇವಿ ಸ್ಥಿರಪಡಿಸಿದಳೆಂದು ಅಲ್ಲಿನ ಶಾಸನವೊಂದು ಹೇಳುತ್ತದೆ. ಹಿಂದಿನ ಅರಸನ ವ್ಯವಸ್ಥೆಯನ್ನು ಮುಂದುವರಿಸುವ ಈ ಕಾರ್ಯ ಭಕ್ತಿಯ ಪರಿಧಿಯನ್ನು ಮೀರಿ ಆಡಳಿತಕ್ಕೆ ಸೇರಿದ್ದು.

ರಾಣಿವಾಸದ ಹೊರಗಿನ ಸಾಕ್ಷ್ಯವನ್ನು ಮಹಾಕೂಟದ ಕನ್ನಡ ಶಾಸನ ಒದಗಿಸುತ್ತದೆ. ವಿಜಯಾದಿತ್ಯನ ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿ ಎಂಬ ವೇಶ್ಯೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ ಅರ್ಪಿಸಿದಳು. ಹಿರಣ್ಯಗರ್ಭ ದಾನವನ್ನೂ ಮಾಡಿದಳು. ಅವಳ ವಂಶವನ್ನು ಶಾಸನವು ತಂದೆಯಿಂದಲ್ಲ, ಅಜ್ಜಿ ಮತ್ತು ತಾಯಿಯಿಂದ ಗುರುತಿಸುತ್ತದೆ. ಅವಳ ಸಂಪತ್ತಿಗೆ ಅರಸನ ಪ್ರೀತಿ ಮೂಲವಾಗಿರಬಹುದು. ಆದರೆ ದಾನದ ಕರ್ತೃತ್ವ ಅವಳದೇ.

ಸಮ್ಮತಿ ನೀಡುವವಳು, ಆಜ್ಞೆ ಹೊರಡಿಸುವವಳು, ಸವಲತ್ತನ್ನು ಸ್ಥಿರಪಡಿಸುವವಳು, ಸ್ವಂತ ಸಂಪತ್ತನ್ನು ವಿನಿಯೋಗಿಸುವವಳು: ಈ ನಾಲ್ವರನ್ನೂ ಒಂದೇ ಪದದಲ್ಲಿ ಹಿಡಿದಿಡುವುದು ಸಾಧುವಲ್ಲ. ಇವರೆಲ್ಲರೂ ಅರಮನೆಯ ಆಶ್ರಯಕ್ಕೆ ಹತ್ತಿರವಾಗಿದ್ದವರು ಎಂಬುದನ್ನೂ ಮರೆಯಲಾಗದು. ದತ್ತಿಯಾಗಿ ಬಿಟ್ಟ ಹೊಲಗಳಲ್ಲಿ ದುಡಿದ ಹೆಂಗಸರ ಹೆಸರನ್ನು ಈ ಶಾಸನಗಳು ಹೇಳುವುದಿಲ್ಲ. ಇವುಗಳಿಂದ ಆ ಕಾಲದ ಸಮಸ್ತ ಸ್ತ್ರೀಯರ ಸ್ಥಿತಿಗತಿಯನ್ನು ನಿರ್ಣಯಿಸುವಾಗ ಈ ಮಿತಿಯ ಅರಿವು ಅವಶ್ಯಕ.