ತಾಲೂಕು ಆಸ್ಪತ್ರೆಯ ಮಾತ್ರೆಗೂ ಪರದೇಶದ ಒಪ್ಪಂದಕ್ಕೂ ಏನು ಸಂಬಂಧ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಎಲ್ಲೇ ಆಗಲಿ, ಕ್ಷಯ ರೋಗಿಗೆ ಸರ್ಕಾರಿ ಆಸ್ಪತ್ರೆಯ ಔಷಧಿ ಉಚಿತ. ರೋಗಿಗೆ ಉಚಿತವಾದರೂ ಸರ್ಕಾರ ಅದನ್ನು ಹಣ ಕೊಟ್ಟೇ ಕೊಳ್ಳುತ್ತದೆ. ಬೆಲೆ ಕೈಮೀರಿದರೆ "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಎಂಬ ಮಾತು ಬರುತ್ತದೆ. ಕೂಲಿಯ ಮನೆಗೆ ಆ ಒಂದು ಮಾತು ಸಾಲಕ್ಕೆ ದಾರಿ.

ಈ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಪೇಟೆಂಟ್. ಪೇಟೆಂಟ್ ಪಡೆದ ಕಂಪನಿಯ ಅನುಮತಿಯಿಲ್ಲದೆ 20 ವರ್ಷ ಬೇರೆಯವರು ಆ ಔಷಧಿ ತಯಾರಿಸುವಂತಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರಲ್ಲಿ ಭಾರತ ತನ್ನ ಕಾನೂನನ್ನು ಬದಲಿಸಿ ಔಷಧಿಗೂ ಪೇಟೆಂಟ್ ಕೊಡತೊಡಗಿತು. ಆದರೆ ಜನರ ರಕ್ಷಣೆಗೆ ಕೆಲವು ಬಾಗಿಲುಗಳನ್ನು ತೆರೆದಿಟ್ಟಿತು.

ಮೊದಲನೆಯದು ಕಲಂ 3(ಡಿ). ಹಳೆಯ ಔಷಧಿಯನ್ನು ಚೂರು ಬದಲಿಸಿ, ಹೆಚ್ಚಿನ ಗುಣವಿಲ್ಲದಿದ್ದರೂ ಹೊಸ ಪೇಟೆಂಟ್ ಕೇಳುವುದನ್ನು ಇದು ತಡೆಯುತ್ತದೆ. ರಕ್ತ ಕ್ಯಾನ್ಸರಿನ ಗ್ಲಿವೆಕ್ ಔಷಧಿಗೆ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿದ್ದು ಇದರಿಂದಲೇ.

ಎರಡನೆಯದು, ಪೇಟೆಂಟ್ ಸಿಗುವ ಮೊದಲೇ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸುವ ಹಕ್ಕು. ಔಷಧಿಗೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಮಾತ್ರೆ ಇದೆ. ಹಿಂದೆ ಈ ರೋಗಕ್ಕೆ ತಿಂಗಳುಗಟ್ಟಲೆ ಕೊಡುತ್ತಿದ್ದ ಇಂಜೆಕ್ಷನ್‌ಗಳಿಂದ ಹಲವರು ಕಿವುಡಾಗುತ್ತಿದ್ದರು. ಹಾಗೆ ಕಿವಿ ಕಳೆದುಕೊಂಡ ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ, ಈ ಮಾತ್ರೆಯ ಮೇಲಿನ ಏಕಸ್ವಾಮ್ಯವನ್ನು 2027ರವರೆಗೆ ಎಳೆಯಲು ಹೊರಟ ಜಾನ್ಸನ್ ಅಂಡ್ ಜಾನ್ಸನ್ ಅರ್ಜಿಯನ್ನು ವಿರೋಧಿಸಿದರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಇಬ್ಬರು ರೋಗಿಗಳ ಈ ಗೆಲುವು ನಮ್ಮ ತಾಲೂಕಿನ ರೋಗಿಗೂ ಸೇರಿದ್ದು.

ಮೂರನೆಯದು ಕಡ್ಡಾಯ ಪರವಾನಗಿ. ಬೆಲೆ ಜನರಿಗೆ ಎಟುಕದಿದ್ದರೆ ಸರ್ಕಾರ ಬೇರೆ ಕಂಪನಿಗೆ ತಯಾರಿಕೆಯ ಅನುಮತಿ ಕೊಡಬಹುದು. 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿ ನೆಕ್ಸಾವರ್ ವಿಷಯದಲ್ಲಿ ಹೀಗೆ ಮಾಡಿದಾಗ, ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇದ್ದ ಬೆಲೆ 8,800ಕ್ಕೆ ಇಳಿಯಿತು.

ಶ್ರೀಮಂತ ದೇಶಗಳು ವ್ಯಾಪಾರ ಒಪ್ಪಂದಗಳ ಮೂಲಕ ಈ ಬಾಗಿಲುಗಳನ್ನು ಕಿರಿದು ಮಾಡಲು ನೋಡುತ್ತವೆ. 2007ರಲ್ಲಿ ಆರಂಭವಾದ ಯುರೋಪಿಯನ್ ಒಕ್ಕೂಟದ ಮಾತುಕತೆಯಲ್ಲಿ, ಮೂಲ ಕಂಪನಿಯ ಪರೀಕ್ಷಾ ವರದಿಗಳನ್ನು ಆಧರಿಸಿ ಅಗ್ಗದ ಔಷಧಿಗೆ ಅನುಮತಿ ಕೊಡುವುದನ್ನು ಕೆಲವು ವರ್ಷ ತಡೆಯಬೇಕೆಂಬ ಬೇಡಿಕೆ ಬಂತು. ಎಚ್‌ಐವಿ ಪೀಡಿತರು ದೆಹಲಿಯ ಬೀದಿಗಿಳಿದು ಅದನ್ನು ಪ್ರತಿಭಟಿಸಿದರು. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಒಪ್ಪಂದವು, ಔಷಧಿ ಜನರಿಗೆ ಸಿಗಲು ಕಂಪನಿಗಳು ತಾವಾಗಿಯೇ ಕೊಡುವ ಪರವಾನಗಿಯೇ ಉತ್ತಮ ದಾರಿ ಎನ್ನುತ್ತದೆ. ಕಡ್ಡಾಯ ಪರವಾನಗಿಯ ಅಧಿಕಾರ ಕಾನೂನಿನಲ್ಲಿ ಉಳಿದಿದೆ. ಅದನ್ನು ಬಳಸುವ ಕೈ ಹಿಂಜರಿಯಬಾರದು ಎಂಬುದೇ ಈಗಿನ ಕಾಳಜಿ.

ಇಂಥ ಒಪ್ಪಂದಕ್ಕೆ ನಮ್ಮಲ್ಲಿ ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಆದ್ದರಿಂದ ಸಂಸದರನ್ನು ಕೇಳುವ ಹೊಣೆ ನಮ್ಮದು. ಹುಣಸೂರು, ಪಿರಿಯಾಪಟ್ಟಣ ಮೈಸೂರು–ಕೊಡಗು ಕ್ಷೇತ್ರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ ಸೇರಿವೆ. ಅಂದರೆ ಮೂವರು ಸಂಸದರು. ಪ್ರತಿ ಜಮಾಅತ್ ಒಂದು ಪತ್ರ ಬರೆಯಲಿ: "ಈ ಒಪ್ಪಂದದಿಂದ ಸರ್ಕಾರಿ ಆಸ್ಪತ್ರೆಯ ಔಷಧಿ ದುಬಾರಿಯಾಗುವುದಿಲ್ಲವೆಂದು ಸದನದಲ್ಲಿ ಉತ್ತರ ಪಡೆಯಿರಿ."

ಸರ್ಕಾರಿ ಆಸ್ಪತ್ರೆ ಎಲ್ಲ ಜಾತಿ, ಎಲ್ಲ ಧರ್ಮದ ಬಡವರ ಅಮಾನತು. ಅದನ್ನು ಕಾಯುವವರಲ್ಲಿ ನಾವೂ ಇರೋಣ.