ಅಜ್ಜ ಎಲ್ಲಿಗೆ ಹೋದರು?

ಮನೆಯಲ್ಲಿ ಸಾವು ಸಂಭವಿಸಿತೆಂದರೆ ಹಿರಿಯರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಮಕ್ಕಳನ್ನು ನೆರೆಮನೆಗೆ ಕಳುಹಿಸಿಬಿಡುವುದು. ಸಂಜೆ ಅವರು ಮರಳುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಅಜ್ಜನ ಆರಾಮಕುರ್ಚಿ ಬರಿದಾಗಿರುತ್ತದೆ. “ಅಜ್ಜ ಎಲ್ಲಿ?” ಎಂದು ಮಗು ಕೇಳುತ್ತದೆ. “ಊರಿಗೆ ಹೋಗಿದ್ದಾರೆ” ಎಂದು ಒಬ್ಬರು, “ದೇವರು ಕರೆದುಕೊಂಡ” ಎಂದು ಮತ್ತೊಬ್ಬರು, “ಅಗೋ, ನಕ್ಷತ್ರವಾಗಿದ್ದಾರೆ” ಎಂದು ಇನ್ನೊಬ್ಬರು! ಎಳೆಯ ಹೃದಯ ಈ ಭಾರವನ್ನು ಹೊರಲಾರದೆಂಬ ಕನಿಕರವೇ ಈ ಮಾತುಗಳಿಗೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಗು ಮಾತನ್ನು ಕೇಳಿಸಿಕೊಳ್ಳುವ ರೀತಿಯೇ ಬೇರೆ.

ಊರಿಗೆ ಹೋದವರು ಹಿಂದಿರುಗಬೇಕಷ್ಟೆ? ಮಗು ಬಾಗಿಲಲ್ಲಿ ಕಾಯುತ್ತದೆ. ಅಜ್ಜ ಬಾರದಿದ್ದಾಗ, ತನ್ನ ಮೇಲೆ ಕೋಪವೋ ಏನೋ ಎಂದು ಕೊರಗುತ್ತದೆ. “ಮಲಗಿದ್ದಾರೆ” ಎಂದರೆ ರಾತ್ರಿ ಕಣ್ಣು ಮುಚ್ಚಲು ಹೆದರುತ್ತದೆ. “ಒಳ್ಳೆಯವರೆಂದು ದೇವರು ಕರೆದುಕೊಂಡ” ಎಂದರೆ, ಒಳ್ಳೆಯವರಾಗಿರುವುದೇ ಅಪಾಯವೆಂದು ಅದಕ್ಕೆ ತೋರಿದರೆ ಆಶ್ಚರ್ಯವೇನು?

ಮಗು ಕಂಡ ಸಾವು

ಹಂಗೆರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ ಅವರು ೩ರಿಂದ ೧೦ ವರ್ಷ ವಯಸ್ಸಿನ ೩೭೮ ಮಕ್ಕಳ ಮಾತು, ಬರಹ, ಚಿತ್ರಗಳನ್ನು ಪರಿಶೀಲಿಸಿ ೧೯೪೮ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳು ಸಾವನ್ನು ಒಂದು ಪಯಣವೆಂದೋ ನಿದ್ರೆಯೆಂದೋ ಭಾವಿಸುತ್ತಾರೆ. ಅದು ಹಿಂದಿರುಗಲಾಗದ್ದು, ಎಲ್ಲರಿಗೂ ಬರುವಂಥದ್ದು ಎಂಬ ಅರಿವು ಕ್ರಮೇಣ ಮೂಡುತ್ತದೆ ಎಂದು ಅವರು ಕಂಡರು. ವಯಸ್ಸಿನ ಈ ಗೆರೆಗಳು ಅಷ್ಟು ಖಚಿತವಲ್ಲವೆಂದು ಮುಂದಿನ ವಿದ್ವಾಂಸರು ತಿದ್ದಿದ್ದಾರೆ. ಆದರೂ ಒಂದು ಮಾತು ಸ್ಪಷ್ಟ: ಸಾವು ಪಯಣವೆಂದು ಮೊದಲೇ ತಪ್ಪು ತಿಳಿದಿರುವ ಮಗುವಿಗೆ “ಊರಿಗೆ ಹೋದರು” ಎಂದರೆ, ಆ ತಪ್ಪಿಗೆ ಹಿರಿಯರೇ ಮುದ್ರೆಯೊತ್ತಿದಂತಾಗುತ್ತದೆ.

‘ತೀರಿಕೊಂಡರು’, ‘ಕಾಲವಾದರು’ ಎಂಬುವು ಶಿಷ್ಟರ ನುಡಿಗಳು. ನಾಲ್ಕು ವರ್ಷದ ಮಗುವಿಗೆ ತಿಳಿಯುವ ಪದ ‘ಸತ್ತರು’ ಎಂಬುದು. ಅದರ ಅರ್ಥವನ್ನೂ ಬಿಡಿಸಿ ಹೇಳಬೇಕು: “ಅಜ್ಜನ ದೇಹ ಕೆಲಸ ನಿಲ್ಲಿಸಿತು. ಇನ್ನು ಅವರಿಗೆ ಉಸಿರಾಟವಿಲ್ಲ, ಹಸಿವಿಲ್ಲ, ನೋವಿಲ್ಲ.” ಹೀಗೆ ತಿಳಿದ ಮಗು, ಬೆಂಕಿಯಿಂದ ಅಜ್ಜನಿಗೆ ಸುಡುವುದಿಲ್ಲವೇ ಎಂದು ತಳಮಳಿಸುವುದಿಲ್ಲ. ಸ್ವರ್ಗದಲ್ಲಿ ನಂಬಿಕೆಯುಳ್ಳವರು ಆ ಮಾತನ್ನು ಅನಂತರ ಹೇಳಬಹುದು.

ಒಂದೇ ಪ್ರಶ್ನೆ

ಅಮೆರಿಕದ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ದೂರದರ್ಶನ ಕಾರ್ಯಕ್ರಮದಲ್ಲಿ ಅಂಗಡಿಯ ಹೂಪರ್ ಆಗಿ ನಟಿಸುತ್ತಿದ್ದ ವಿಲ್ ಲೀ ೧೯೮೨ರ ಡಿಸೆಂಬರಿನಲ್ಲಿ ನಿಧನರಾದರು. ನಿರ್ಮಾಪಕರು ಹೂಪರ್ ಊರು ಬಿಟ್ಟು ಹೋದರೆಂದು ಹೇಳಬಹುದಿತ್ತು. ಹಾಗೆ ಮಾಡದೆ, ೧೯೮೩ರ ನವೆಂಬರ್ ೨೪ರಂದು ಹೂಪರ್ ಸತ್ತರೆಂದೇ ತಿಳಿಸಿದರು. ಬಿಗ್ ಬರ್ಡ್ ಎಂಬ ಹಳದಿ ಹಕ್ಕಿ ತಾನು ಬರೆದ ಚಿತ್ರವನ್ನು ಹೂಪರ್ ಮರಳಿದಾಗ ಕೊಡುವೆನೆನ್ನುತ್ತದೆ. ಸತ್ತವರು ಮರಳುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ಹಾಗಾದರೆ ಇನ್ನು ತನಗೆ ಹಾಲಿನ ಪಾನೀಯ ಮಾಡಿಕೊಡುವವರು ಯಾರು, ಕಥೆ ಹೇಳುವವರು ಯಾರು ಎಂಬುದೇ ಹಕ್ಕಿಯ ಚಿಂತೆ. ಪಾನೀಯ ಮಾಡಿಕೊಡಲು ತಾನಿರುವೆನೆಂದು ಒಬ್ಬ ಮುಂದೆ ಬರುತ್ತಾನೆ. ಕಥೆಗಳನ್ನು ಎಲ್ಲರೂ ಹೇಳುವರೆಂದು ಭರವಸೆ ದೊರೆಯುತ್ತದೆ.

ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಗೋವಿನ ಹಾಡಿನ ಪುಣ್ಯಕೋಟಿ ಕರುವಿಗೆ ಹಾಲುಣಿಸಿ, ಮೇಯಲು ಹೋಗುವೆನೆಂದು ನೆಪ ಹೇಳಲಿಲ್ಲ. ಹುಲಿಯ ಬಳಿಗೆ ಹೋಗುವೆನೆಂದೇ ತಿಳಿಸಿತು. ಯಾರ ಮೊಲೆಯುಣ್ಣಲಿ, ಯಾರ ಮಗ್ಗುಲಲ್ಲಿ ಮಲಗಲಿ ಎಂದಿತು ಕರು. ತಾಯಿ ಅಕ್ಕತಂಗಿಯರನ್ನು ಕರೆದು ಕಂದನನ್ನು ಅವರ ಮಡಿಲಿಗೊಪ್ಪಿಸಿತು. ಸತ್ಯ ಹೇಳಿದ ಬಾಯಿಯೇ ಆಸರೆಯನ್ನೂ ತೋರಿಸಿತು. ಎರಡೂ ಜೊತೆಯಾಗಿ ಬರಬೇಕು. “ಅಮ್ಮಾ, ನೀನೂ ಸಾಯುತ್ತೀಯಾ?” ಎಂದು ಕೇಳುವ ಮಗುವಿಗೂ ಅದೇ ಉತ್ತರ: “ಎಲ್ಲರೂ ಒಂದು ದಿನ ಸಾಯುತ್ತಾರೆ. ನಾನು ಬಹುಕಾಲ ನಿನ್ನೊಡನಿರುವೆನೆಂದು ನಂಬಿದ್ದೇನೆ. ನಿನ್ನನ್ನು ನೋಡಿಕೊಳ್ಳಲು ಅಪ್ಪ, ಅಜ್ಜಿ, ಚಿಕ್ಕಮ್ಮ ಎಲ್ಲರೂ ಇದ್ದಾರೆ.” ಸಿಟ್ಟಿನಲ್ಲಿ ತಾನಾಡಿದ ಮಾತಿನಿಂದಲೇ ಅಜ್ಜ ಸತ್ತರೆಂಬ ಗುಟ್ಟಿನ ಭಯವೂ ಮಗುವಿಗಿರಬಹುದು, ಮಾತಿನಿಂದ ಯಾರೂ ಸಾಯುವುದಿಲ್ಲವೆಂದು ಕೇಳುವ ಮೊದಲೇ ಹೇಳಿಬಿಡುವುದು ಲೇಸು.

ಅಳು ಮತ್ತು ಆಟ

ಈಗತಾನೇ ಅತ್ತ ಮಗು ಮರುಗಳಿಗೆಯಲ್ಲಿ ಗೋಲಿಯಾಡಬಹುದು. ಇದು ನಿರ್ದಯತೆಯಲ್ಲ, ಮಕ್ಕಳು ದುಃಖವನ್ನು ಗುಟುಕುಗುಟುಕಾಗಿಯೇ ಕುಡಿಯುವರು. ಹಿರಿಯರು ತಮ್ಮ ಕಣ್ಣೀರನ್ನು ಮುಚ್ಚಿಡಬೇಕಾಗಿಲ್ಲ. ಕೊನೆಯ ದರ್ಶನಕ್ಕೆ ಬರಲು ಮಗು ಇಚ್ಛಿಸಿದರೆ, ಅಲ್ಲಿ ಕಾಣುವುದೇನೆಂದು ಮುಂಚೆಯೇ ತಿಳಿಸಿ, ಒಬ್ಬರು ಕೈಹಿಡಿದು ಕರೆತರಬಹುದು. ಒಲ್ಲೆನೆಂದರೆ ಬಲವಂತ ಸಲ್ಲದು. ತಿಥಿಯ ದಿನ ಹೂ ಬಿಡಿಸುವುದು, ದೀಪ ಹಚ್ಚುವುದು ಎಳೆಯ ಕೈಗಳಿಗೂ ಸಲ್ಲುವ ಕೆಲಸಗಳೇ. ಊಟ, ನಿದ್ರೆ, ಶಾಲೆ ತಿಂಗಳುಗಟ್ಟಲೆ ಕೆಟ್ಟರೆ ಮಾತ್ರ ವೈದ್ಯರ ಸಲಹೆ ಅಗತ್ಯ.

ಒಮ್ಮೆ ಹೇಳಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ನಾಳೆಯೂ, ಮುಂದಿನ ವರ್ಷವೂ ಮಗು ಅದನ್ನೇ ಕೇಳೀತು. ಬೆಳೆದಂತೆಲ್ಲ ಅದು ಆ ಸಾವನ್ನು ಹೊಸದಾಗಿ ಅರಿಯುತ್ತಿರುತ್ತದೆ. ಆಗಲೂ ಅದೇ ನಿಜವನ್ನು, ಅದೇ ತಾಳ್ಮೆಯಿಂದ, ಮಗ್ಗುಲಲ್ಲಿ ಕುಳ್ಳಿರಿಸಿಕೊಂಡು ಹೇಳಬೇಕು.