ಕಣ್ಣೀರು, ಕರ್ಫ್ಯೂ ಎರಡನ್ನೂ ಕಂಡ ಮಹಾಲಕ್ಷ್ಮಿ ಲೇಔಟ್

ಮಹಾಲಕ್ಷ್ಮಿ ಲೇಔಟ್ ಎಂದೊಡನೆ ಬೆಂಗಳೂರಿಗರಿಗೆ ನೆನಪಾಗುವುದು ಬಂಡೆಯ ಮೇಲಿನ ಪ್ರಸನ್ನ ವೀರಾಂಜನೇಯ ಸ್ವಾಮಿ ದೇವಸ್ಥಾನ. 22 ಅಡಿ ಎತ್ತರದ ಹನುಮನ ದರ್ಶನಕ್ಕೆ ಶನಿವಾರ ಬಂದರೆ ಸಾಲಿನಲ್ಲಿ ನಿಲ್ಲಬೇಕು. ಒಂದು ಬದಿಗೆ ರಾಜಾಜಿನಗರ, ಇನ್ನೊಂದು ಬದಿಗೆ ಕುರುಬರಹಳ್ಳಿ, ನಂದಿನಿ ಲೇಔಟ್. ದುಡಿದು ಮನೆ ಕಟ್ಟಿಕೊಂಡ ಮಧ್ಯಮ ವರ್ಗದವರ ಬಡಾವಣೆ ಇದು. ಆದರೂ ನಾಡಿನ ದುಃಖ, ಸಿಟ್ಟು ಬೀದಿಗಿಳಿದಾಗಲೆಲ್ಲ ಅದರ ಬಿಸಿ ಈ ಭಾಗಕ್ಕೆ ತಟ್ಟಿದೆ.

ವರನಟ ಡಾ. ರಾಜ್‌ಕುಮಾರ್ ಸಮಾಧಿ ಇರುವ ಕಂಠೀರವ ಸ್ಟುಡಿಯೊ ಇಲ್ಲಿಗೆ ಹತ್ತಿರ. 2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡರು. ಮರುದಿನವೇ ಅಂತ್ಯಕ್ರಿಯೆ. ಕೊನೆಯ ಬಾರಿ ಮುಖ ನೋಡಲೂ ಆಗದ ಅಭಿಮಾನಿಗಳ ಸಂಕಟ ಕಲ್ಲುತೂರಾಟಕ್ಕೆ ತಿರುಗಿತು. ಲಾಠಿ, ಅಶ್ರುವಾಯು, ಗೋಲಿಬಾರ್ ನಡೆದವು. ಒಬ್ಬ ಪೊಲೀಸ್ ಸೇರಿ ಎಂಟು ಜೀವ ಹೋದವು.

2016ರ ಸೆಪ್ಟೆಂಬರ್ 12ರಂದು ಕಾವೇರಿಯ ಕಿಚ್ಚು. ನಿತ್ಯ 12 ಸಾವಿರ ಕ್ಯುಸೆಕ್ ನೀರನ್ನು ತಮಿಳುನಾಡಿಗೆ ಹರಿಸಲು ಸುಪ್ರೀಂ ಕೋರ್ಟ್ ಹೇಳಿದ ದಿನವದು. ಕುಡಿಯುವ ನೀರಿಗೆ ಅದೇ ನದಿಯನ್ನು ನಂಬಿದ ಊರಿನಲ್ಲಿ ಆತಂಕ ಸಹಜ. ಆದರೆ ನಾಯಂಡಹಳ್ಳಿ ಬಳಿ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಬಲಿಯಾದ. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ಆ ಪಟ್ಟಿಯಲ್ಲಿ ರಾಜಾಜಿನಗರ, ನಂದಿನಿ ಲೇಔಟ್ ಜತೆಗೆ ಮಹಾಲಕ್ಷ್ಮಿ ಲೇಔಟ್ ಕೂಡ ಇತ್ತು. ಬೆಂಕಿ ಹಚ್ಚಿದವರು ಕೆಲವರು. ಬಾಗಿಲು ಹಾಕಿಕೊಂಡು ಕೂತವರು ಕನ್ನಡಿಗ, ತಮಿಳಿಗ ಎನ್ನದೆ ಎಲ್ಲರೂ. ಅಂದಂದಿನ ದುಡಿಮೆಯಲ್ಲೇ ಒಲೆ ಹೊತ್ತಿಸುವವರಿಗೆ ಪೆಟ್ಟು ಹೆಚ್ಚು.

2021ರ ಅಕ್ಟೋಬರ್ 29ರಂದು ರಾಜ್‌ಕುಮಾರ್ ಅವರ ಮಗ, ನಟ ಪುನೀತ್ ಅಗಲಿದಾಗ ದುಃಖ ಅಷ್ಟೇ ದೊಡ್ಡದಿತ್ತು. ಈ ಸಲ ಸರ್ಕಾರ 2006ರಿಂದ ಪಾಠ ಕಲಿತಿತ್ತು. ಮದ್ಯ ಮಾರಾಟ ನಿಂತಿತು. ಕಂಠೀರವ ಕ್ರೀಡಾಂಗಣದಲ್ಲಿ ಲಕ್ಷಾಂತರ ಜನರಿಗೆ ದರ್ಶನ ಸಿಕ್ಕಿತು. ಅಂತ್ಯಕ್ರಿಯೆಯನ್ನು ಒಂದು ದಿನ ಮುಂದೂಡಿ, 31ರ ಮುಂಜಾನೆ ಪಾರ್ಥಿವ ಶರೀರವನ್ನು ಕಂಠೀರವ ಸ್ಟುಡಿಯೊಗೆ ತರಲಾಯಿತು. ಕುಟುಂಬದವರೂ ಶಾಂತಿಗಾಗಿ ಕೈಮುಗಿದರು. ಜನ ಆ ಮಾತು ನಡೆಸಿಕೊಟ್ಟರು.

ಅಳುವವರಿಗೆ ಜಾಗ, ಸಮಯ, ಸರಿಯಾದ ಮಾಹಿತಿ ಕೊಟ್ಟರೆ ಲಾಠಿಗೆ ಕೆಲಸ ಕಡಿಮೆ. ಆ ಹೊಣೆ ಸರ್ಕಾರದ್ದು. ಕಲ್ಲು ಎತ್ತದಿರುವ ಹೊಣೆ ನಮ್ಮದು. ಹಸಿರು ಮಾರ್ಗದ ಮೆಟ್ರೊದಲ್ಲಿ ಬಂದು ಮಹಾಲಕ್ಷ್ಮಿ ನಿಲ್ದಾಣದಲ್ಲಿ ಇಳಿಯಿರಿ. ಹನುಮನಿಗೆ ಕೈಮುಗಿದು, ಅಪ್ಪ–ಮಗನ ಸಮಾಧಿಗೂ ಹೋಗಿ ಬನ್ನಿ. ಅಲ್ಲಿ ಹೂವಿಡುವಾಗ 2006ರಲ್ಲಿ ಮನೆಗೆ ಮರಳದ ಆ ಎಂಟು ಮಂದಿಯನ್ನೂ ನೆನೆಯಿರಿ.